ಕ್ರಿಯಾಪದದ ಬೆನ್ನಿಗೆ ಅಂಟಿಕೊಂಡ ಚಿಕ್ಕ ಪದಗಳು: ಇಂಗ್ಲಿಷ್ ಪ್ರಿಪೊಸಿಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇನ್, ಆನ್, ಅಟ್, ಅಪ್, ಆಫ್, ಔಟ್. ಎಲ್ಲಾ ಎರಡು ಮೂರು ಅಕ್ಷರದ ಪದಗಳು. ಇಂಗ್ಲಿಷ್ ಚೆನ್ನಾಗಿ ಓದಿ ಬರೆಯುವವರೂ ಎಡವುವುದು ಇಲ್ಲೇ. ಪಾಠದ ನಡುವೆ, ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನವು ಸುಲಭ, ಕೊನೆಯವು ಸ್ವಲ್ಪ ಬಿಗಿ. ಎಲ್ಲಿಂದ ಬೇಕಾದರೂ ಓದಬಹುದು.

## ಬುನಾದಿ

ಕನ್ನಡದಲ್ಲಿ ಈ ತಲೆನೋವೇ ಇಲ್ಲ. ಇಂಗ್ಲಿಷಲ್ಲಿ ಮಾತ್ರ ಯಾಕೆ ಇಷ್ಟೊಂದು ಪ್ರಿಪೊಸಿಷನ್?

ಕನ್ನಡದಲ್ಲೂ ಇದೆ, ಕೂತಿರುವ ಜಾಗ ಬೇರೆ ಅಷ್ಟೇ. ಮನೆಯಲ್ಲಿ, ಮನೆಗೆ, ಮನೆಯಿಂದ ಅನ್ನುವಾಗ ವಿಭಕ್ತಿ ಪ್ರತ್ಯಯ ಹೆಸರಿನ (ಅಂದರೆ ನಾಮಪದದ) ಕೊನೆಗೆ ಅಂಟುತ್ತದೆ. ಇಂಗ್ಲಿಷಿನಲ್ಲಿ ಅದೇ ಕೆಲಸದ ಪದ ಹೆಸರಿನ ಮುಂಚೆ ಬಿಡಿಯಾಗಿ ನಿಲ್ಲುತ್ತದೆ.

ನಿಜವಾದ ಕಷ್ಟ ಲೆಕ್ಕದ್ದು. ನಮ್ಮ ಒಂದು ‘ಇಂದ’ ತೆಗೆದುಕೊಳ್ಳಿ. ‘ಮೈಸೂರಿನಿಂದ ಬಂದೆ’ ಅಂದರೆ ‘ಫ್ರಮ್’. ‘ಚಾಕುವಿನಿಂದ ಕತ್ತರಿಸಿದೆ’ ಅಂದರೆ ‘ವಿತ್’. ‘ಬೆಳಿಗ್ಗೆಯಿಂದ ಕಾಯುತ್ತಿದ್ದೇನೆ’ ಅಂದರೆ ‘ಸಿನ್ಸ್’. ‘ಎರಡು ವರ್ಷದಿಂದ ಇಲ್ಲಿದ್ದೇನೆ’ ಅಂದರೆ ‘ಫಾರ್’. ‘ಮಳೆಯಿಂದ ಪಂದ್ಯ ನಿಂತಿತು’ ಅಂದರೆ ‘ಬಿಕಾಸ್ ಆಫ್’. ಒಂದು ಪ್ರತ್ಯಯಕ್ಕೆ ಐದು ಮುಖ. ಹಾಗಾಗಿ ‘ಅಲ್ಲಿ ಅಂದರೆ ಇನ್, ಇಂದ ಅಂದರೆ ಫ್ರಮ್’ ಅನ್ನುವ ಪಟ್ಟಿ ಬಾಯಿಪಾಠ ಮಾಡಿದರೆ ಅರ್ಧ ದಾರಿಯಲ್ಲಿ ಕೈಕೊಡುತ್ತದೆ. ಯಾವ ಚಿಕ್ಕ ಪದ ಬರಬೇಕು ಅನ್ನುವುದನ್ನು ನಮ್ಮ ಪ್ರತ್ಯಯ ತೀರ್ಮಾನಿಸುವುದಿಲ್ಲ. ಪಕ್ಕದಲ್ಲಿರುವ ಇಂಗ್ಲಿಷ್ ಕ್ರಿಯಾಪದ ಮತ್ತು ಹೆಸರು ತೀರ್ಮಾನಿಸುತ್ತವೆ.

‘ಆನ್ ದ ಬಸ್’ ಅಂದರೆ ಬಸ್ಸಿನ ಟಾಪ್ ಮೇಲೆ ಕೂತ ಹಾಗಲ್ವಾ?

ಅಲ್ಲ. ಒಳಗೆ ಎದ್ದು ನಿಂತು ಓಡಾಡಬಹುದಾದ ಗಾಡಿಗೆ ‘ಆನ್’: ಬಸ್ಸು, ರೈಲು, ವಿಮಾನ, ಹಡಗು. ತಲೆ ಬಗ್ಗಿಸಿ ತೂರಿಕೊಂಡು ಕೂರುವ ಗಾಡಿಗೆ ‘ಇನ್’: ಕಾರು, ಟ್ಯಾಕ್ಸಿ, ಆಟೊ. ಹತ್ತಿ ಇಳಿಯುವ ಕ್ರಿಯಾಪದಗಳೂ ಇದನ್ನೇ ಹಿಂಬಾಲಿಸುತ್ತವೆ. ಬಸ್ಸಿಗೆ ‘ಗೆಟ್ ಆನ್’, ‘ಗೆಟ್ ಆಫ್’. ಕಾರಿಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’. ಬೈಕು, ಸೈಕಲ್, ಕುದುರೆ ಬಿಡಿ, ಅಲ್ಲಿ ನಿಜವಾಗಿಯೂ ಮೇಲೆಯೇ ಕೂರುವುದು.

‘ಇನ್ ದ ಬಸ್’ ಪೂರ್ತಿ ತಪ್ಪಲ್ಲ. ‘ಕೊಡೆ ಬಸ್ಸಿನಲ್ಲೇ ಉಳಿಯಿತು’ ಅನ್ನುವಂಥ ಕಡೆ ಅದೂ ಬರುತ್ತದೆ. ಆದರೆ ‘ಬೈ ಬಸ್’ ನೋಡಿ ‘ಬೈ ವಾಕ್’ ಅನ್ನಬೇಡಿ. ‘ಆನ್ ಫುಟ್’ ಅನ್ನಬೇಕು, ಅದಕ್ಕಿಂತ ಸಹಜವಾಗಿ ‘ಐ ವಾಕ್ಡ್’ ಅಂದರೆ ಮುಗಿಯಿತು.

‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್.’ ಇದರಲ್ಲಿ ತಪ್ಪೇನಿದೆ?

ಎರಡು ತಪ್ಪಿವೆ, ಎರಡೂ ‘ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಅನ್ನುವುದರಿಂದ ಬಂದದ್ದು. ‘ಸಿನ್ಸ್’ ಆದಮೇಲೆ ಶುರುವಾದ ಹೊತ್ತು ಬರಬೇಕು: ‘ಸಿನ್ಸ್ 2022’, ‘ಸಿನ್ಸ್ ಮಂಡೇ’. ಎಷ್ಟು ಕಾಲ ಅನ್ನುವುದಕ್ಕೆ ‘ಫಾರ್’: ‘ಫಾರ್ ಟೂ ಇಯರ್ಸ್’. ಇನ್ನೊಂದು ಕ್ರಿಯಾಪದದ್ದು. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ‘ಆಮ್ ವರ್ಕಿಂಗ್’ ಸಾಲದು, ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್.’ ಚಿಕ್ಕ ಪದ ಬದಲಾದರೆ ಕ್ರಿಯಾಪದದ ರೂಪವನ್ನೂ ನೋಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕ್ರಿಯಾಪದದ ಪಕ್ಕ ಪ್ರಿಪೊಸಿಷನ್ ಬಂದರೆ ಅದು ಫ್ರೇಸಲ್ ವರ್ಬ್, ಅಷ್ಟೇ ತಾನೇ?

ಅಷ್ಟೇ ಅಲ್ಲ. ಈ ಎರಡನ್ನು ನೋಡಿ: ‘ಶಿ ಲುಕ್ಡ್ ಅಪ್ ದ ಸ್ಟೇರ್ಸ್’, ‘ಶಿ ಲುಕ್ಡ್ ಅಪ್ ದ ವರ್ಡ್’. ಮೊದಲನೆಯದರಲ್ಲಿ ಮೆಟ್ಟಿಲ ಕಡೆ ತಲೆಯೆತ್ತಿ ನೋಡಿದಳು. ‘ಅಪ್ ದ ಸ್ಟೇರ್ಸ್’ ಒಂದು ತುಂಡು, ಕ್ರಿಯಾಪದ ಇನ್ನೊಂದು ತುಂಡು. ಎರಡನೆಯದರಲ್ಲಿ ಪದದ ಅರ್ಥವನ್ನು ನಿಘಂಟಿನಲ್ಲಿ ಹುಡುಕಿದಳು. ಇಲ್ಲಿ ‘ಲುಕ್ ಅಪ್’ ಸೇರಿ ಒಂದೇ ಕ್ರಿಯೆ. ಪರೀಕ್ಷೆ ಸುಲಭ: ‘ಲುಕ್ಡ್ ದ ವರ್ಡ್ ಅಪ್’ ಅನ್ನಬಹುದು, ‘ಲುಕ್ಡ್ ದ ಸ್ಟೇರ್ಸ್ ಅಪ್’ ಅನ್ನಲಾಗದು.

ಹೀಗೆ ಕ್ರಿಯಾಪದದೊಳಗೆ ಸೇರಿಹೋದ ಚಿಕ್ಕ ಪದವನ್ನು ವ್ಯಾಕರಣದವರು ‘ಪಾರ್ಟಿಕಲ್’ ಅನ್ನುತ್ತಾರೆ. ‘ಫ್ರೇಸಲ್ ವರ್ಬ್’ ಅನ್ನುವ ಹೆಸರು ಅಂಥ ಹಳೆಯದೇನಲ್ಲ. ಲೇಖಕ ಲೋಗನ್ ಪಿಯರ್ಸಾಲ್ ಸ್ಮಿತ್ 1925ರಲ್ಲಿ ಅದನ್ನು ಅಚ್ಚಿನಲ್ಲಿ ಬಳಸಿ, ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರ್ಯಾಡ್ಲಿ ಸೂಚಿಸಿದ ಹೆಸರಿದು ಎಂದರು. ಕಷ್ಟ ಮಾತ್ರ ಹಳೆಯದು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲೇ, ಹೊರಗಿನವರಿಗೆ ಇಂಗ್ಲಿಷಿನಲ್ಲಿ ಅತಿ ಕಷ್ಟದ್ದು ಇದೇ ಎಂದು ಬರೆದಿದ್ದರು. ನಿಮಗೆ ಕಷ್ಟ ಆಗುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

## ಮನೆಯಲ್ಲಿ, ಆಫೀಸಿನಲ್ಲಿ

‘ಆಫ್ ದ ಫ್ಯಾನ್’ ಅಂತ ನಮ್ಮನೇಲಿ ಎಲ್ಲರೂ ಹೇಳ್ತೀವಿ. ಅದು ಇಂಗ್ಲಿಷೇ ಅಲ್ವಾ?

ಪದಗಳು ಇಂಗ್ಲಿಷ್, ಕಟ್ಟಿದ ರೀತಿ ನಮ್ಮದು. ಕನ್ನಡದಲ್ಲಿ ‘ಫ್ಯಾನ್ ಆಫ್ ಮಾಡು’ ಅನ್ನುತ್ತೇವೆ. ಅಲ್ಲಿ ದುಡಿಯುವ ಕ್ರಿಯಾಪದ ‘ಮಾಡು’. ಅದನ್ನು ಕಿತ್ತು ಉಳಿದದ್ದನ್ನು ಇಂಗ್ಲಿಷಿಗೆ ಸಾಗಿಸಿದರೆ ವಾಕ್ಯದಲ್ಲಿ ಕ್ರಿಯಾಪದವೇ ಇರುವುದಿಲ್ಲ. ‘ಸ್ವಿಚ್ ಆಫ್ ದ ಫ್ಯಾನ್’ ಅಥವಾ ‘ಟರ್ನ್ ಆಫ್ ದ ಫ್ಯಾನ್’ ಆಗಬೇಕು. ಸಿಂಗಾಪುರ, ಮಲೇಷ್ಯಾದ ಆಡುಮಾತಿನಲ್ಲೂ ‘ಆಫ್ ದ ಲೈಟ್’ ಕೇಳಿಬರುತ್ತದೆ, ಆದ್ದರಿಂದ ನಾವು ಒಂಟಿಯಲ್ಲ.

ಇದೇ ‘ಮಾಡು’, ‘ಆಗು’ ಇನ್ನೊಂದು ಕಡೆಯೂ ಆಟ ಆಡಿಸುತ್ತವೆ. ‘ಲಾಗಿನ್ ಆದೆ’, ‘ಪಿಕಪ್ ಮಾಡಿದೆ’ ಅಂದು ಅಂದು, ‘ಲಾಗಿನ್’, ‘ಪಿಕಪ್’ ನಮಗೆ ಒಂದೇ ಪದ ಆಗಿಬಿಟ್ಟಿವೆ. ಅಲ್ಲಿಂದ ‘ಐ ಲಾಗಿನ್ಡ್’, ‘ಹಿ ಪಿಕಪ್ಡ್ ಮಿ’ ಹುಟ್ಟುತ್ತವೆ. ಭೂತಕಾಲ ಅಂಟುವುದು ಮೊದಲ ಪದಕ್ಕೆ: ‘ಐ ಲಾಗ್ಡ್ ಇನ್’, ‘ಹಿ ಪಿಕ್ಡ್ ಮಿ ಅಪ್’. ಬರೆಯುವಾಗಲೂ ಅಷ್ಟೇ. ಹೆಸರಾಗಿದ್ದರೆ ಕೂಡಿಸಿ, ಕ್ರಿಯೆಯಾಗಿದ್ದರೆ ಬಿಡಿಸಿ. ಬಾಗಿಲ ಮೇಲೆ ‘ಚೆಕೌಟ್’ ಒಂದೇ ಪದ, ನೀವು ಹೋಟೆಲ್ ಬಿಡುವಾಗ ಮಾಡುವ ‘ಚೆಕ್ ಔಟ್’ ಎರಡು.

‘ಸ್ವಿಚ್ ಆಫ್ ಇಟ್’ ಸರಿಯೋ, ‘ಸ್ವಿಚ್ ಇಟ್ ಆಫ್’ ಸರಿಯೋ?

ಎರಡನೆಯದು ಮಾತ್ರ. ಪೂರ್ತಿ ಹೆಸರಿದ್ದರೆ ಎರಡೂ ಕಡೆ ಇಡಬಹುದು: ‘ಸ್ವಿಚ್ ಆಫ್ ದ ಫ್ಯಾನ್’, ‘ಸ್ವಿಚ್ ದ ಫ್ಯಾನ್ ಆಫ್’. ಇಟ್, ಹಿಮ್, ಹರ್, ದೆಮ್ ಬಂದರೆ ನಡುವೆಯೇ ಕೂರಬೇಕು. ‘ರೈಟ್ ಇಟ್ ಡೌನ್’, ‘ಥ್ರೋ ದೆಮ್ ಅವೇ’.

ಆದರೆ ‘ಲುಕ್ ಆಫ್ಟರ್’, ‘ಲುಕ್ ಅಟ್’, ‘ವೇಟ್ ಫಾರ್’ ಇವುಗಳನ್ನು ಬಿಡಿಸುವಂತಿಲ್ಲ. ‘ಲುಕ್ ಆಫ್ಟರ್ ಹಿಮ್’ ಅಷ್ಟೇ. ಯಾವುದು ಯಾವ ಗುಂಪು ಅಂತ ತಿಳಿಯಲು ಕಿವಿ ಸಹಾಯ ಮಾಡುತ್ತದೆ. ‘ಸ್ವಿಚ್ ಇಟ್ ಆಫ್’ ಅನ್ನುವಾಗ ಒತ್ತು ‘ಆಫ್’ ಮೇಲೆ ಬೀಳುತ್ತದೆ. ‘ಲುಕ್ ಅಟ್ ಇಟ್’ ಅನ್ನುವಾಗ ಒತ್ತು ‘ಲುಕ್’ ಮೇಲೆ, ‘ಅಟ್’ ಬರಿ ‘ಟ್’ ಆಗಿ ಕರಗಿಹೋಗುತ್ತದೆ. ಒತ್ತು ಹೊರುವ ಪದ ಜಾಗ ಬದಲಿಸಬಲ್ಲದು, ಕರಗುವ ಪದ ಬದಲಿಸಲಾರದು. ನೂರಕ್ಕೆ ನೂರು ಅಲ್ಲದಿದ್ದರೂ ಬಹಳ ಸಲ ಇದು ಕೆಲಸ ಮಾಡುತ್ತದೆ.

‘ಡಿಸ್ಕಸ್ ಅಬೌಟ್’ ತಪ್ಪಂತೆ, ‘ಡಿಸ್ಕಷನ್ ಅಬೌಟ್’ ಸರಿಯಂತೆ. ಇದೆಂಥ ನ್ಯಾಯ?

ನ್ಯಾಯ ಇದೆ. ಕೆಲವು ಕ್ರಿಯಾಪದಗಳು ಕರ್ಮವನ್ನು ನೇರವಾಗಿ ಹಿಡಿದುಕೊಳ್ಳುತ್ತವೆ, ಮಧ್ಯವರ್ತಿ ಬೇಡ. ಅವೇ ಹೆಸರಾದಾಗ ಮಧ್ಯವರ್ತಿ ಬೇಕು. ‘ಡಿಸ್ಕಸ್ ದ ಪ್ಲಾನ್’, ಆದರೆ ‘ಅ ಡಿಸ್ಕಷನ್ ಅಬೌಟ್ ದ ಪ್ಲಾನ್’. ‘ರಿಕ್ವೆಸ್ಟ್ ಲೀವ್’, ಆದರೆ ‘ಅ ರಿಕ್ವೆಸ್ಟ್ ಫಾರ್ ಲೀವ್’. ‘ಎಂಫಸೈಸ್ ಕ್ವಾಲಿಟಿ’, ಆದರೆ ‘ಎಂಫಸಿಸ್ ಆನ್ ಕ್ವಾಲಿಟಿ’. ‘ಆನ್ಸರ್ ದ ಕ್ವೆಶ್ಚನ್’, ಆದರೆ ‘ದ ಆನ್ಸರ್ ಟು ದ ಕ್ವೆಶ್ಚನ್’. ಹೆಸರಿನಲ್ಲಿ ಕೇಳಿ ಅಭ್ಯಾಸವಾದದ್ದನ್ನು ನಾವು ಕ್ರಿಯಾಪದಕ್ಕೂ ಅಂಟಿಸಿಬಿಡುತ್ತೇವೆ. ಜೊತೆಗೆ ಕನ್ನಡದ ‘ಅದರ ಬಗ್ಗೆ ಚರ್ಚಿಸಿದೆವು’ ಬೇರೆ ಒತ್ತಾಸೆಗೆ ನಿಲ್ಲುತ್ತದೆ.

ರೀಚ್, ಎಂಟರ್, ಮ್ಯಾರಿ, ಕಾಂಟ್ಯಾಕ್ಟ್, ಅಟೆಂಡ್ ಇವೂ ಇದೇ ಜಾತಿ. ‘ಐ ರೀಚ್ಡ್ ಹುಬ್ಬಳ್ಳಿ’, ‘ರೀಚ್ಡ್ ಟು’ ಅಲ್ಲ. ಎರಡು ಕಡೆ ಮಾತ್ರ ಹುಷಾರು. ಕೋಣೆಗೆ ‘ಎಂಟರ್’, ಒಪ್ಪಂದಕ್ಕೆ ‘ಎಂಟರ್ ಇಂಟು’. ಮೀಟಿಂಗಿಗೆ ‘ಅಟೆಂಡ್’, ರೋಗಿಗೆ ‘ಅಟೆಂಡ್ ಟು’.

‘ರಿಟರ್ನ್ ಬ್ಯಾಕ್’, ‘ಕೋಪ್ ಅಪ್ ವಿತ್’ ಇವನ್ನು ಯಾಕೆ ತಿದ್ದುತ್ತಾರೆ?

‘ರಿಟರ್ನ್’ ಒಳಗೇ ‘ವಾಪಸ್’ ಇದೆ, ಮತ್ತೆ ‘ಬ್ಯಾಕ್’ ಬೇಡ. ‘ರಿವರ್ಟ್ ಬ್ಯಾಕ್’ ಕೂಡ ಹಾಗೇ. ‘ಕೋಪ್ ವಿತ್’ ಸಾಕು. ಅಲ್ಲಿ ‘ಅಪ್’ ನುಸುಳಿದ್ದು ‘ಕೀಪ್ ಅಪ್ ವಿತ್’, ‘ಕ್ಯಾಚ್ ಅಪ್ ವಿತ್’ ಸಹವಾಸದಿಂದ ಇರಬೇಕು.

‘ಆಂಗ್ರಿ ಆನ್ ಮಿ’, ‘ಮ್ಯಾರೀಡ್ ವಿತ್’ ಅಂದರೆ ಅರ್ಥ ಆಗಲ್ವಾ?

ಅರ್ಥ ಆಗುತ್ತದೆ, ಕನ್ನಡವೂ ಕೇಳಿಸುತ್ತದೆ. ನಮಗೆ ಕೋಪ ಒಬ್ಬರ ಮೇಲೆ, ಮದುವೆ ಒಬ್ಬರ ಜೊತೆ. ಅವರಿಗೆ ‘ಆಂಗ್ರಿ ವಿತ್’, ‘ಮ್ಯಾರೀಡ್ ಟು’. ಲೆಕ್ಕದಲ್ಲಿ ಚುರುಕು ಅನ್ನಲು ‘ಗುಡ್ ಅಟ್ ಮ್ಯಾಥ್ಸ್’, ‘ಇನ್’ ಅಲ್ಲ. ‘ಅವನಿಗೆ ಹೇಳಿದೆ’ ಅನ್ನಲು ‘ಐ ಟೋಲ್ಡ್ ಹಿಮ್’, ಆದರೆ ‘ಐ ಸೆಡ್ ಟು ಹಿಮ್’. ಇದಕ್ಕೆಲ್ಲ ಕಾರಣ ಹುಡುಕುತ್ತಾ ಕೂರಬೇಡಿ, ಜೋಡಿಯಾಗಿಯೇ ನೆನಪಿಟ್ಟುಕೊಳ್ಳಿ.

ರೆಸ್ಯೂಮೆಯಲ್ಲಿ ‘ಪಾಸ್ಡ್ ಔಟ್ ಇನ್ 2015’ ಅಂತ ಹಾಕಿದ್ದೀನಿ. ನಗ್ತಾರಾ?

ಭಾರತದಲ್ಲಿ ಯಾರೂ ನಗುವುದಿಲ್ಲ. ಹೊರಗೆ ಓದುವವರಿಗೆ ನೀವು 2015ರಲ್ಲಿ ಪ್ರಜ್ಞೆ ತಪ್ಪಿ ಬಿದ್ದಿರಿ ಅನ್ನಿಸಬಹುದು. ಸೇನಾ ತರಬೇತಿ ಮುಗಿಸುವವರಿಗೆ ಬ್ರಿಟನ್ನಿನಲ್ಲೂ ‘ಪಾಸ್ ಔಟ್’ ಬಳಕೆ ಇದೆ. ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯ ‘ಪಾಸಿಂಗ್ ಔಟ್ ಪರೇಡ್’ ನೀವು ಕೇಳಿರುತ್ತೀರಿ. ಕಾಲೇಜಿಗೆ ‘ಗ್ರಾಜುಯೇಟೆಡ್’ ಹಾಕಿ.

## ಅರ್ಥದ ಒಳಗೆ

‘ಈಟ್’ ಅಂದರೆ ಸಾಕಲ್ವಾ? ‘ಈಟ್ ಅಪ್’ ಅಂತ ಯಾಕೆ ಸುಮ್ನೆ ‘ಅಪ್’ ಸೇರಿಸ್ತಾರೆ?

ಸುಮ್ನೆ ಅಲ್ಲ. ಇದಕ್ಕೆ ಉತ್ತರ ನಿಮ್ಮ ಬಾಯಲ್ಲೇ ಇದೆ. ಮಗುವಿಗೆ ‘ತಿನ್ನು’ ಅನ್ನುವುದಕ್ಕೂ ‘ತಿಂದುಬಿಡು’ ಅನ್ನುವುದಕ್ಕೂ ವ್ಯತ್ಯಾಸ ಇದೆ ತಾನೇ? ‘ತಿಂದುಬಿಡು’ ಅಂದರೆ ತಟ್ಟೆಯಲ್ಲಿ ಏನೂ ಉಳಿಯಬಾರದು. ಅಲ್ಲಿ ‘ಬಿಡು’ ಯಾವುದನ್ನೂ ಬಿಡುವುದಿಲ್ಲ, ಕೆಲಸ ಪೂರ್ತಿಯಾಯಿತು ಅನ್ನುತ್ತದೆ ಅಷ್ಟೇ. ‘ಈಟ್ ಅಪ್’ನಲ್ಲಿ ‘ಅಪ್’ ಮಾಡುವುದೂ ಅದನ್ನೇ. ಮೇಲೆ ಕೆಳಗೆ ಅನ್ನುವ ಮಾತೇ ಇಲ್ಲ.

ಕನ್ನಡದಲ್ಲಿ ಬಿಡು, ಹಾಕು, ಹೋಗು, ಕೊಳ್ಳು ಅನ್ನುವ ಕ್ರಿಯಾಪದಗಳು ಇನ್ನೊಂದು ಕ್ರಿಯಾಪದದ ಹಿಂದೆ ನಿಂತಾಗ ತಮ್ಮ ಸ್ವಂತ ಅರ್ಥ ಬಿಟ್ಟು ಬೇರೆ ಬಣ್ಣ ಕೊಡುತ್ತವೆ. ಪಕ್ಕಪಕ್ಕ ಇಟ್ಟು ನೋಡಿ. ‘ಟೇರ್’ ಹರಿ, ‘ಟೇರ್ ಅಪ್’ ಹರಿದುಹಾಕು. ‘ವೈಪ್’ ಒರೆಸು, ‘ವೈಪ್ ಔಟ್’ ಅಳಿಸಿಹಾಕು. ‘ಡ್ರೈ’ ಬತ್ತು, ‘ಡ್ರೈ ಅಪ್’ ಬತ್ತಿಹೋಗು. ‘ಬರ್ನ್’ ಸುಡು, ‘ಬರ್ನ್ ಡೌನ್’ ಸುಟ್ಟುಹೋಗು. ‘ಫಿನಿಶ್’ ಮುಗಿಸು, ‘ಫಿನಿಶ್ ಆಫ್’ ಮುಗಿಸಿಬಿಡು. ‘ರೈಟ್’ ಬರೆ, ‘ರೈಟ್ ಡೌನ್’ ಬರೆದುಕೋ. ಎರಡೂ ಭಾಷೆಯಲ್ಲಿ ಈ ಚಿಕ್ಕ ಸಹಾಯಕ ಬರುವುದು ಕ್ರಿಯಾಪದ ಆದಮೇಲೆಯೇ. ನಾವು ಕ್ರಿಯಾಪದದಿಂದ ಮಾಡಿಸುವ ಕೆಲಸವನ್ನು ಅವರು ದಿಕ್ಕು ತೋರಿಸುವ ಪದಗಳಿಂದ ಮಾಡಿಸುತ್ತಾರೆ.

ಜೋಡಿಗಳು ಒಂದಕ್ಕೊಂದು ಹೀಗೇ ಹೊಂದುತ್ತವೆ ಅಂತ ತಿಳಿಯಬೇಡಿ. ಕಾಗದಕ್ಕೆ ‘ಅಪ್’ ಸೇರಿದರೆ ಹರಿದುಹಾಕು, ಮನೆಗೆ ‘ಡೌನ್’ ಸೇರಿದರೆ ಸುಟ್ಟುಹೋಗು. ಯಾವ ಚಿಕ್ಕ ಪದ ಅನ್ನುವುದನ್ನು ಕಲಿಯಲೇಬೇಕು. ಆದರೆ ಅದು ಯಾಕಿದೆ ಅನ್ನುವ ಗೊಂದಲ ಹೋಗುತ್ತದೆ. 500 ಫ್ರೇಸಲ್ ವರ್ಬುಗಳ ಪಟ್ಟಿ ಅಂಟಿಸಿಕೊಂಡು ಒದ್ದಾಡುವವರಿಗೆ ನಾನು ಹೇಳುವುದು ಇದನ್ನೇ: ಪಟ್ಟಿ ಪಕ್ಕಕ್ಕಿಡಿ. ಹೊಸದೊಂದು ಸಿಕ್ಕಾಗ ‘ಇದನ್ನು ನಮ್ಮನೆಯಲ್ಲಿ ಹೇಗೆ ಅಂತೀವಿ’ ಅಂತ ಒಂದು ಸಲ ಕೇಳಿಕೊಳ್ಳಿ.

ಅಲಾರಂ ‘ಗೋಸ್ ಆಫ್’ ಅಂದರೆ ಬಡ್ಕೊಳ್ಳೋದು, ಲೈಟ್ ‘ಗೋಸ್ ಆಫ್’ ಅಂದರೆ ಆರೋದು. ಒಂದಕ್ಕೊಂದು ಉಲ್ಟಾ ಅಲ್ವಾ?

ಉಲ್ಟಾನೇ. ಬ್ರಿಟನ್ನಿನಲ್ಲಿ ಹಾಲು ‘ಗೋಸ್ ಆಫ್’ ಅಂದರೆ ಕೆಟ್ಟುಹೋಯಿತು ಅಂತ, ಅದನ್ನೂ ಸೇರಿಸಿಕೊಳ್ಳಿ. ‘ಆಫ್’ನ ಮೂಲದಲ್ಲಿ ಇರುವುದು ಕಳಚಿಕೊಳ್ಳುವುದು, ದೂರ ಸರಿಯುವುದು. ಸುಮ್ಮನಿದ್ದ ಅಲಾರಂ ಆ ಸ್ಥಿತಿಯಿಂದ ಸಿಡಿದು ಹೊರಬಿತ್ತು, ಉರಿಯುತ್ತಿದ್ದ ದೀಪ ಉರಿಯುವ ಸ್ಥಿತಿಯಿಂದ ಕಳಚಿತು, ಹಾಲು ಒಳ್ಳೆಯ ಸ್ಥಿತಿ ಬಿಟ್ಟಿತು. ಹೀಗೆ ನೋಡಿದರೆ ನೆನಪಿಗೆ ಸುಲಭ.

ಉಲ್ಟಾ ಪದ ಬಂದೂ ಅರ್ಥ ಒಂದೇ ಆಗುವ ತಮಾಷೆಯೂ ಇದೆ. ಫಾರ್ಮನ್ನು ‘ಫಿಲ್ ಇನ್’ ಮಾಡಿದರೂ ‘ಫಿಲ್ ಔಟ್’ ಮಾಡಿದರೂ ತುಂಬುವುದು ಅದೇ ಫಾರ್ಮು. ಅಮೆರಿಕದವರು ‘ಔಟ್’ ಕಡೆ ವಾಲುತ್ತಾರೆ.

ಕ್ರಿಕೆಟ್ಟಿನ ‘ರನ್ ಔಟ್’ಗೂ ‘ವಿ ರಾನ್ ಔಟ್ ಆಫ್ ಮಿಲ್ಕ್’ಗೂ ಸಂಬಂಧ ಇದೆಯಾ?

ಕೂದಲೆಳೆಯಷ್ಟು. ಕ್ರಿಕೆಟ್ಟಿನಲ್ಲಿ ‘ಔಟ್’ ಅಂದರೆ ಆಟದಿಂದ ಹೊರಗೆ, ಅದು ಆಟಗಾರನಿಗೆ ಆಗುವಂಥದ್ದು: ‘ಹಿ ವಾಸ್ ರನ್ ಔಟ್’. ಹಾಲಿನದರಲ್ಲಿ ‘ಔಟ್’ ಅಂದರೆ ತೀರಿಹೋಗುವುದು, ತೀರಿದ್ದು ಏನು ಅಂತ ಹೇಳಲು ‘ಆಫ್’ (of, ಮೇಲಿನ off ಅಲ್ಲ) ಬೇಕು. ಹಾಲನ್ನೇ ಕರ್ತೃ ಮಾಡಿದರೆ ‘ಆಫ್’ ಬೇಡ: ‘ದ ಮಿಲ್ಕ್ ಹ್ಯಾಸ್ ರನ್ ಔಟ್’.

‘ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ಅಂತ ಇಷ್ಟು ದಿನ ಬರೆದಿದ್ದೀನಿ. ಸರಿಯಾ?

‘ಟು ಹಿಯರಿಂಗ್’ ಆಗಬೇಕು. ‘ಟು’ ನೋಡಿದ ತಕ್ಷಣ ‘ಟು ಗೋ’, ‘ಟು ಈಟ್’ ನೆನಪಾಗುತ್ತದೆ, ಅದೇ ಸಮಸ್ಯೆ. ಇಲ್ಲಿ ‘ಟು’ ಪ್ರಿಪೊಸಿಷನ್, ಅದರ ಹಿಂದೆ ಹೆಸರಿನಂಥದ್ದು ಬರಬೇಕು. ಅನುಮಾನ ಬಂದರೆ ಆ ಜಾಗದಲ್ಲಿ ‘ಯುವರ್ ರಿಪ್ಲೈ’ ಇಟ್ಟು ನೋಡಿ. ‘ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಸರಿಯಾಗಿ ಕೂರುತ್ತದೆ, ಅಂದಮೇಲೆ ‘ಹಿಯರಿಂಗ್’. ‘ಆಬ್ಜೆಕ್ಟ್ ಟು’ ಕೂಡ ಹಾಗೇ.

‘ಲುಕ್ ಫಾರ್ವರ್ಡ್ ಟು’ ಮೂರು ಪದದ ಜಾತಿ. ‘ಪುಟ್ ಅಪ್ ವಿತ್’ ಸಹಿಸಿಕೋ, ‘ಕಮ್ ಅಪ್ ವಿತ್’ ಹೊಳೆಯಿಸಿಕೋ. ಇವುಗಳ ನಡುವೆ ಏನನ್ನೂ ತುರುಕಬೇಡಿ.

ಅರ್ಜಿ, ವರದಿಗಳಲ್ಲಿ ಫ್ರೇಸಲ್ ವರ್ಬ್ ಬಳಸಬಾರದಾ?

ಬಳಸಬಹುದು, ತೂಕ ನೋಡಿಕೊಂಡು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್, ಲ್ಯಾಟಿನ್ ಮೂಲದ ಪದಗಳು ಆಡಳಿತಕ್ಕೂ ವಿದ್ಯೆಗೂ ಬಂದು ಕೂತವು. ಅದಕ್ಕೇ ಒಂದೇ ಅರ್ಥಕ್ಕೆ ಎರಡೆರಡು ಸಿಗುತ್ತವೆ: ‘ಪುಟ್ ಅಪ್ ವಿತ್’ ಮತ್ತು ‘ಟಾಲರೇಟ್’, ‘ಪುಟ್ ಆಫ್’ ಮತ್ತು ‘ಪೋಸ್ಟ್‌ಪೋನ್’, ‘ಲುಕ್ ಇಂಟು’ ಮತ್ತು ‘ಇನ್ವೆಸ್ಟಿಗೇಟ್’. ನಮ್ಮ ‘ತಾಳಿಕೋ’, ‘ಸಹಿಸು’ ಇದ್ದ ಹಾಗೆ. ಕೋರ್ಟಿಗೆ ಬರೆಯುವಾಗ ‘ಇನ್ವೆಸ್ಟಿಗೇಟ್’ ಇರಲಿ. ಗೆಳೆಯನಿಗೆ ‘ಐ ಶಲ್ ಅರೈಸ್ ಅಟ್ ಸಿಕ್ಸ್’ ಅಂದರೆ ‘ನಾನು ಆರಕ್ಕೆ ಜಾಗೃತನಾಗುವೆ’ ಅಂದಷ್ಟೇ ವಿಚಿತ್ರ. ‘ಗೆಟ್ ಅಪ್’ ಸಾಕು. ನಮ್ಮ ಆಫೀಸು ಮೇಲ್‌ಗಳಲ್ಲಿ ಭಾರದ ಪದಗಳೇ ಜಾಸ್ತಿ, ಹಗುರದವು ಕಡಿಮೆ ಅನ್ನುವುದು ನನ್ನ ಅನಿಸಿಕೆ.

## ಸ್ವಲ್ಪ ಬಿಗಿಯಾದವು

‘ದ ಪೆನ್ ಐ ರೋಟ್’ ಅಂದೆ. ಏನೋ ಬಿಟ್ಟುಹೋಗಿದೆ ಅಂದರು. ಏನು?

‘ವಿತ್’ ಬಿಟ್ಟುಹೋಗಿದೆ. ಎಲ್ಲಿ ಬಿತ್ತು ಅಂತ ಕನ್ನಡದಲ್ಲಿ ನೋಡಿ. ‘ಪೆನ್ನಿನಿಂದ ಬರೆದೆ’ ಅನ್ನುವುದು ‘ನಾನು ಬರೆದ ಪೆನ್ನು’ ಆದಾಗ ‘ಇಂದ’ ಮಾಯವಾಗುತ್ತದೆ. ‘ಮನೆಯಲ್ಲಿ ಇದ್ದೇನೆ’ ಹೋಗಿ ‘ನಾನಿರುವ ಮನೆ’. ‘ಬಸ್ಸಿನಲ್ಲಿ ಬಂದೆ’ ಹೋಗಿ ‘ನಾನು ಬಂದ ಬಸ್ಸು’. ಪ್ರತ್ಯಯ ಉದುರಿದರೂ ನಮಗೆ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಅದು ಉದುರುವಂತಿಲ್ಲ, ಕೊನೆಯಲ್ಲಿ ಕಾದು ನಿಲ್ಲುತ್ತದೆ: ‘ದ ಪೆನ್ ಐ ರೋಟ್ ವಿತ್’, ‘ದ ಹೌಸ್ ಐ ಲಿವ್ ಇನ್’, ‘ದ ಬಸ್ ಐ ಕೇಮ್ ಆನ್’. ‘ದ ಪೆನ್ ಐ ರೋಟ್’ ಅಂದರೆ ಪೆನ್ನನ್ನೇ ಕತೆಯ ಹಾಗೆ ಬರೆದಿರಿ ಅಂತಾಗುತ್ತದೆ.

ಕರ್ಮಣಿ ಪ್ರಯೋಗದಲ್ಲೂ ಇದೇ ಜಾಗ್ರತೆ ಬೇಕು. ‘ದ ಕಂಪ್ಲೇಂಟ್ ಈಸ್ ಬೀಯಿಂಗ್ ಲುಕ್ಡ್ ಇಂಟು’, ‘ಹಿ ವಾಸ್ ಲಾಫ್ಡ್ ಅಟ್’. ‘ಶಿ ವಾಸ್ ಲುಕ್ಡ್ ಆಫ್ಟರ್ ಬೈ ಹರ್ ಗ್ರ್ಯಾಂಡ್‌ಮದರ್’ ಅನ್ನುವಾಗ ‘ಆಫ್ಟರ್ ಬೈ’ ಒಟ್ಟಿಗೆ ಬಂತಲ್ಲ ಅಂತ ಒಂದನ್ನು ಅಳಿಸುವವರಿದ್ದಾರೆ. ಎರಡೂ ಇರಲಿ.

ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಇಡಬಾರದು ಅಂತ ಮೇಷ್ಟ್ರು ಹೇಳಿದ್ದರು.

ಮೇಷ್ಟ್ರಿಗೆ ಅವರ ಮೇಷ್ಟ್ರು ಹೇಳಿರುತ್ತಾರೆ. ಕವಿ ಜಾನ್ ಡ್ರೈಡನ್ 1672ರಲ್ಲಿ ನಾಟಕಕಾರ ಬೆನ್ ಜಾನ್ಸನ್ ಬರಹದಲ್ಲಿ ಇದನ್ನು ದೋಷ ಅಂತ ಎತ್ತಿ ತೋರಿಸಿದರು, ಆಮೇಲೆ ತಮ್ಮದೇ ಹಳೆಯ ಗದ್ಯವನ್ನೂ ತಿದ್ದಿಕೊಂಡರು. ಲ್ಯಾಟಿನ್ನಿನಲ್ಲಿ ಹಾಗೆ ಬರುವುದಿಲ್ಲ, ಲ್ಯಾಟಿನ್ನನ್ನೇ ಅಳತೆಗೋಲಾಗಿ ಹಿಡಿದವರಿಗೆ ಅದು ರುಚಿಸಲಿಲ್ಲ. ಆದರೆ ಇಂಗ್ಲಿಷ್ ಆಡುವವರು ಹಾಗೆ ಆಡುವುದನ್ನು ನಿಲ್ಲಿಸಲಿಲ್ಲ. ‘ಹೂ ಆರ್ ಯು ವೇಟಿಂಗ್ ಫಾರ್?’ ಸಹಜ. ‘ಫಾರ್ ಹೂಮ್ ಆರ್ ಯು ವೇಟಿಂಗ್?’ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ನಾಟಕದ ಡೈಲಾಗು. ಈ ನಿಯಮವನ್ನು ಗೇಲಿ ಮಾಡುವ ಒಂದು ಮಾತು ಚರ್ಚಿಲ್ ಹೆಸರಿನಲ್ಲಿ ಓಡಾಡುತ್ತದೆ. ಅವರೇ ಹೇಳಿದ್ದು ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ.

‘ಶಿ ಹಿಟ್ ದ ಥೀಫ್ ವಿತ್ ದ ಅಂಬ್ರೆಲಾ.’ ಕೊಡೆ ಯಾರ ಕೈಯಲ್ಲಿತ್ತು?

ಈ ವಾಕ್ಯ ಒಂದನ್ನೇ ಇಟ್ಟುಕೊಂಡು ಹೇಳಲಾಗದು. ‘ವಿತ್ ದ ಅಂಬ್ರೆಲಾ’ ಕ್ರಿಯಾಪದಕ್ಕೆ ಸೇರಿದರೆ ಅವಳು ಕೊಡೆಯಿಂದ ಹೊಡೆದಳು. ‘ಥೀಫ್’ಗೆ ಸೇರಿದರೆ ಕೊಡೆ ಹಿಡಿದಿದ್ದ ಕಳ್ಳನಿಗೆ ಹೊಡೆದಳು. ಕನ್ನಡದಲ್ಲಿ ಈ ಗೊಂದಲ ಏಳುವುದೇ ಇಲ್ಲ, ‘ಕೊಡೆಯಿಂದ’ ಮತ್ತು ‘ಕೊಡೆ ಹಿಡಿದಿದ್ದ’ ಬೇರೆ ಬೇರೆ ರೂಪ. ಅದಕ್ಕೇ ನಾವು ಇಂಗ್ಲಿಷ್ ಬರೆಯುವಾಗ ಈ ಅಪಾಯ ಕಣ್ಣಿಗೆ ಬೀಳುವುದಿಲ್ಲ.

ತಪ್ಪಿಸಲು ಎರಡು ದಾರಿ. ಕೊಡೆ ಕಳ್ಳನದಾದರೆ ‘ದ ಥೀಫ್ ಹೂ ವಾಸ್ ಕ್ಯಾರಿಯಿಂಗ್ ದ ಅಂಬ್ರೆಲಾ’ ಅಂತ ಬಿಡಿಸಿ ಬರೆಯಿರಿ. ಅವಳದಾದರೆ ‘ಶಿ ಯೂಸ್ಡ್ ದ ಅಂಬ್ರೆಲಾ ಟು ಹಿಟ್ ದ ಥೀಫ್’ ಅನ್ನಿ. ಆಫೀಸು ಮೇಲ್‌ನಲ್ಲಿ ಇದು ಇನ್ನೂ ಜಾಸ್ತಿ ಕಾಡುತ್ತದೆ. ‘ವಿ ವಿಲ್ ಡಿಸ್ಕಸ್ ದ ಡಿಲೇ ಆನ್ ಮಂಡೇ’ ಅಂದರೆ ಚರ್ಚೆ ಸೋಮವಾರವೋ, ತಡ ಆದದ್ದು ಸೋಮವಾರವೋ? ‘ಆನ್ ಮಂಡೇ’ಯನ್ನು ಎತ್ತಿ ಮುಂದಕ್ಕೆ ಹಾಕಿ: ‘ಆನ್ ಮಂಡೇ ವಿ ವಿಲ್ ಡಿಸ್ಕಸ್ ದ ಡಿಲೇ.’ ಕನ್ನಡದಲ್ಲಿ ‘ಸೋಮವಾರ’ ಮೊದಲು ಬರುವುದು ನಮಗೆ ರೂಢಿಯೇ, ಇಲ್ಲಿ ಆ ರೂಢಿಯೇ ಕೈ ಹಿಡಿಯುತ್ತದೆ.